ಜಠರ ಕಿರಿದಾದರೆ ಸಾಕೇ?

ಎರಡು ವರ್ಷಗಳ ಹಿಂದೆ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ತಾಯಿಯೊಬ್ಬರು ಈಚೆಗೆ ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಮೊದಲ ವರ್ಷ ಚೆನ್ನಾಗಿ ಇಳಿದಿದ್ದ ತೂಕ ಮತ್ತೆ ಏರತೊಡಗಿತ್ತು. "ಎರಡ ತುತ್ತು ಉಣ್ತೇನ್ರಿ ಡಾಕ್ಟರೇ, ಆದ್ರೂ ಯಾಕ್ ಹಿಂಗ್ರಿ?" ಎಂದು ಕಣ್ಣೀರಿಟ್ಟರು. ಮೆಲ್ಲನೆ ವಿಚಾರಿಸಲಾಗಿ, ಊಟವು ನಿಜಕ್ಕೂ ಅಲ್ಪವೇ ಆಗಿತ್ತು. ಆದರೆ ಸಂಜೆ ಮನೆಯಲ್ಲಿ ಯಾರಾದರೂ ಒಂದು ಮಾತು ಆಡಿದರೆ ಸಾಕು, ಅವರ ಕೈ ಚೂಡಾ ಡಬ್ಬಿಗೆ ಹೋಗುತ್ತಿತ್ತು. ಮಲಗುವವರೆಗೂ ಅದು ನಿಲ್ಲುತ್ತಿರಲಿಲ್ಲ.

ಈ ಶಸ್ತ್ರಚಿಕಿತ್ಸೆಯಲ್ಲಿ ಎರಡು ವಿಧಗಳು ಹೆಚ್ಚು ಬಳಕೆಯಲ್ಲಿವೆ. 'ಸ್ಲೀವ್' ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಮಿಗಿಲಾಗಿ ತೆಗೆದು, ಉಳಿದುದನ್ನು ಕೊಳವೆಯಂತೆ ಮಾಡುವರು. 'ಬೈಪಾಸ್' ವಿಧಾನದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಸುವ ಚಿಕ್ಕ ಚೀಲವನ್ನು ಉಳಿಸಿ, ಅದನ್ನು ಸಣ್ಣ ಕರುಳಿಗೆ ಜೋಡಿಸುವರು. ಇವುಗಳಿಂದ ಊಟದ ಪ್ರಮಾಣ ತಗ್ಗುತ್ತದೆ. ಹಸಿವೂ ಕೆಲಕಾಲ ಕುಗ್ಗುತ್ತದೆ.

ಫಲವು ಸಣ್ಣದಲ್ಲ. 1987ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ ದೀರ್ಘಕಾಲದ ಅಧ್ಯಯನದಲ್ಲಿ, ಬೈಪಾಸ್ ಆದವರ ತೂಕವು ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇ. 32ರಷ್ಟು ಇಳಿಯಿತು, 10 ವರ್ಷಗಳ ಬಳಿಕ ಆ ಇಳಿಕೆ ಶೇ. 25ರಲ್ಲಿ ನಿಂತಿತು. ಸ್ವಲ್ಪ ಮರಳಿ ಏರುವುದು ಸಹಜವೆಂಬುದು ಇದರಿಂದ ತಿಳಿಯುತ್ತದೆ. ಏರಿಕೆ ಅದನ್ನು ಮೀರಿದಾಗ ಮಾತ್ರ ಕಾರಣವನ್ನು ಹುಡುಕಬೇಕು.

ಕಾರಣಗಳು ಹಲವಿದ್ದರೂ ಅವುಗಳಲ್ಲೊಂದು ಮನಸ್ಸಿನ ಆವೇಗ. ಎಂದರೆ ಯೋಚನೆಗೆ ಮೊದಲೇ ಕೈ ಮುಂದಾಗುವ ಸ್ವಭಾವ. ನಾಳಿನ ಆರೋಗ್ಯಕ್ಕಿಂತ ಈ ಕ್ಷಣದ ರುಚಿ ದೊಡ್ಡದಾಗಿ ಕಾಣುವುದು ಅದರ ಒಂದು ರೂಪ. ದುಃಖ, ಸಿಟ್ಟು ಬಂದಾಗ ತಡೆಯಲಾರದೆ ತಿನ್ನುವುದು ಇನ್ನೊಂದು ರೂಪ. ಶಸ್ತ್ರವು ಒಮ್ಮೆಗೆ ಎಷ್ಟು ತಿನ್ನಬಹುದೆಂಬುದನ್ನು ಕಡಿಮೆ ಮಾಡೀತು. ಎಷ್ಟು ಸಲ, ಏನನ್ನು ತಿನ್ನುವೆವೆಂಬುದನ್ನು ನಿರ್ಬಂಧಿಸಲಾರದು. ಐಸ್‌ಕ್ರೀಮ್, ಸಿಹಿ ಪಾನೀಯಗಳು ಕಿರಿದಾದ ಜಠರದಲ್ಲಿಯೂ ಸುಲಭವಾಗಿ ಜಾರುತ್ತವೆ.

ಆದರೆ ಆವೇಗಶೀಲರಿಗೆ ಈ ಚಿಕಿತ್ಸೆ ಫಲಿಸದೆಂದು ಭಾವಿಸಬಾರದು. ಶಸ್ತ್ರಚಿಕಿತ್ಸೆಗೆ ಮುಂಚಿನ ಸ್ವಭಾವವೊಂದರಿಂದಲೇ ಫಲವನ್ನು ಹೇಳಲಾಗದು. ಆದರೆ ಬಳಿಕ ಹಿಡಿತ ತಪ್ಪಿ ತಿನ್ನುವ ಅಭ್ಯಾಸ ಕಾಣಿಸಿಕೊಂಡವರಲ್ಲಿ ತೂಕ ಕಡಿಮೆ ಇಳಿಯುವುದನ್ನು ಅಧ್ಯಯನಗಳು ಮತ್ತೆ ಮತ್ತೆ ಗುರುತಿಸಿವೆ. ಆದ್ದರಿಂದ ನಂತರದ ವರ್ಷಗಳ ಎಚ್ಚರವೇ ಮುಖ್ಯ.

ಅಹಿತದತ್ತ ಓಡುವ ಮನಸ್ಸನ್ನು ತಡೆಯುವ ಶಕ್ತಿಯನ್ನು ಚರಕಾಚಾರ್ಯರು 'ಧೃತಿ' ಎಂದು ಕರೆದರು. ನಾವೂ ಹಲವು ವರ್ಷ "ನಾಲಿಗೆ ಬಿಗಿಹಿಡಿಯಿರಿ" ಎಂದು ಉಪದೇಶಿಸಿ ಕಳುಹಿಸುತ್ತಿದ್ದೆವು. ಅದು ಸಾಲದೆಂದು ರೋಗಿಗಳೇ ನಮಗೆ ಕಲಿಸಿದರು. ನಿದ್ರೆಗೆಟ್ಟು ನೊಂದವರಲ್ಲಿ ಧೃತಿಯೂ ಬಳಲುತ್ತದೆ. ಅದಕ್ಕೆ ಹೊರಗಿನ ಆಸರೆ ಬೇಕು.

ಊಟಕ್ಕೆ ನಿಶ್ಚಿತ ವೇಳೆಯಿರಲಿ. ಕುರುಕಲು ತಿಂಡಿಯ ಡಬ್ಬಿ ಕಣ್ಣಿಗೆ ಬೀಳದಿರಲಿ. ಬೇಳೆ, ಮೊಸರು, ಪನೀರನ್ನು ಮೊದಲು, ಚೆನ್ನಾಗಿ ಅಗಿದು ಉಣ್ಣಬೇಕು; ನೀರನ್ನು ಊಟವಾದ ಅರ್ಧ ಗಂಟೆಯ ಬಳಿಕ ಕುಡಿಯಬೇಕು. ತಿನ್ನುವ ತವಕ ಬಂದಾಗ ಹತ್ತು ನಿಮಿಷ ತಡೆದು, ವೇಳೆಯನ್ನೂ ಮನಸ್ಸಿನ ಸ್ಥಿತಿಯನ್ನೂ ಬರೆದಿಡಬೇಕು. ಮದ್ಯವನ್ನು ಮುಟ್ಟಲೇಬಾರದು, ಬೈಪಾಸ್ ಆದವರಲ್ಲಿ ಅದು ಬಹುಬೇಗ ರಕ್ತಕ್ಕೇರುತ್ತದೆ. ಹಿಡಿತ ಸಿಗದಿದ್ದರೆ ಮನೋವೈದ್ಯರ ನೆರವು ಪಡೆಯಲು ಸಂಕೋಚ ಬೇಡ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮೊದಲಾದ ಮಾತ್ರೆಗಳನ್ನು ನಿಲ್ಲಿಸಬಾರದು. ಶಸ್ತ್ರವೈದ್ಯರನ್ನು ಕೇಳದೆ ಉಪವಾಸವಾಗಲಿ, ನಮ್ಮ ಪದ್ಧತಿಯ ಕಷಾಯವಾಗಲಿ ಸಲ್ಲದು. ವಾಂತಿ ನಿಲ್ಲದಿದ್ದರೆ ಕೂಡಲೇ ಅವರಲ್ಲಿಗೆ ಹೋಗಬೇಕು.

ಮನೆಯವರಿಗೂ ಒಂದು ವಿನಂತಿ. "ಇಷ್ಟು ಖರ್ಚು ಮಾಡಿಯೂ ಮತ್ತೆ ದಪ್ಪಗಾದೆ" ಎಂಬ ಮಾತು ಔಷಧವಾಗದು. ಅದೇ ಮುಂದಿನ ತುತ್ತಿಗೆ ಕಾರಣವಾಗುತ್ತದೆ.

ಆ ತಾಯಿ ಮೂರು ತಿಂಗಳು ಪುಸ್ತಕ ಬರೆದರು. ತವಕವೆಲ್ಲ ಸಂಜೆ ಆರರಿಂದ ಎಂಟರ ನಡುವೆಯೇ ಎಂಬುದು ಅದರಲ್ಲಿ ಕಂಡಿತು. ಈಗ ಆ ಹೊತ್ತಿಗೆ ಸೊಸೆಯೊಡನೆ ನಡೆಯಲು ಹೋಗುತ್ತಾರೆ. ತೂಕ ಹೆಚ್ಚೇನೂ ಇಳಿದಿಲ್ಲ, ಏರುವುದು ನಿಂತಿದೆ. ಅಷ್ಟೇ ದೊಡ್ಡ ಲಾಭವೆಂದು ನಾವು ಬಗೆಯುತ್ತೇವೆ.