ಕೆಂಪಿನ ಊರಿಗೆ ಎಂಥ ಬಲ್ಬು?

ಅಂಗಡಿಯಲ್ಲಿ ಬಲ್ಬು ಕೊಳ್ಳುವಾಗ ನಾವು ಇಂದಿಗೂ ಕೇಳುವುದು ‘ಎಷ್ಟು ವ್ಯಾಟ್?’ ಎಂದೇ. ವ್ಯಾಟ್ ಹೇಳುವುದು ಬಲ್ಬು ಎಳೆಯುವ ಕರೆಂಟಿನ ಲೆಕ್ಕ. ಅದು ಕೊಡುವ ಬೆಳಕಿನ ಲೆಕ್ಕ ಲ್ಯೂಮೆನ್. ಹಳೆಯ 60 ವ್ಯಾಟಿನ ತಂತಿ ಬಲ್ಬಿನ ಬೆಳಕು ಸುಮಾರು 700 ಲ್ಯೂಮೆನ್. ಇಂದಿನ 9 ವ್ಯಾಟ್ ಎಲ್‌ಇಡಿ ಅದಕ್ಕಿಂತ ಹೆಚ್ಚೇ ಕೊಡುತ್ತದೆ. ಹಾಗಾಗಿ ಲ್ಯೂಮೆನ್ ನೋಡಿ ಕೊಳ್ಳಿ ಎಂಬ ಮಾತು ಸರಿಯೇ. ಆದರೆ ಮೆಣಸಿನಕಾಯಿಯ ಬಣ್ಣ ಮಾರಿ ಬದುಕುವ ಬ್ಯಾಡಗಿಗೆ ಅಷ್ಟು ಸಾಲದು.

ಏಕೆಂದರೆ ಲ್ಯೂಮೆನ್ ಎಲ್ಲ ಬಣ್ಣವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಮನುಷ್ಯನ ಕಣ್ಣಿಗೆ ಯಾವ ಬಣ್ಣ ಎಷ್ಟು ಪ್ರಖರ ಎಂಬುದನ್ನು 1924ರಲ್ಲಿ ಅಂತರರಾಷ್ಟ್ರೀಯವಾಗಿ ಗೊತ್ತುಮಾಡಿದರು. ಅದರಂತೆ 555 ನ್ಯಾನೊಮೀಟರಿನ ಹಳದಿಹಸಿರಿಗೆ ಪೂರ್ತಿ ಬೆಲೆ, 650ರ ಗಾಢ ಕೆಂಪಿಗೆ ಅದರ ಹತ್ತನೇ ಒಂದು ಪಾಲು. ಪ್ರತಿ ವ್ಯಾಟಿಗೆ ಹೆಚ್ಚು ಲ್ಯೂಮೆನ್ ತೋರಿಸಬೇಕಾದ ತಯಾರಕನಿಗೆ ಗಾಢ ಕೆಂಪು ನಷ್ಟದ ಬಾಬತ್ತು. ಅದನ್ನು ಕಡಿತ ಮಾಡುವುದೇ ಲಾಭ. ಬಣ್ಣ ಸರಿಯಾಗಿ ಕಾಣುತ್ತದೆಯೇ ಎಂದು ಹೇಳುವ ಸಿಆರ್‌ಐ ಅಂಕವೂ ಇದನ್ನು ಹಿಡಿಯುವುದಿಲ್ಲ. ಅದು ಎಂಟು ತಿಳಿ ಬಣ್ಣಗಳ ಸರಾಸರಿ. ಕಡುಗೆಂಪಿನ ಪರೀಕ್ಷೆ ಒಂಬತ್ತನೆಯದು, ಆರ್9. ಸರಾಸರಿಯಲ್ಲಿ ಅದಕ್ಕೆ ಜಾಗವೇ ಇಲ್ಲ. 80 ಅಂಕದ ಬಲ್ಬಿನ ಆರ್9 ಸೊನ್ನೆಯ ಹತ್ತಿರವಿರಬಹುದು.

2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಪ್ರಯೋಗಾಲಯದಲ್ಲಿ ಪುಡಿಯ ಬಣ್ಣವನ್ನು ಅಸಿಟೋನಿನಲ್ಲಿ ಇಳಿಸಿ, 460 ನ್ಯಾನೊಮೀಟರಿನ ಬೆಳಕನ್ನು ಅದು ಎಷ್ಟು ಹೀರುತ್ತದೆಂದು ಅಳೆದು ‘ಆಸ್ಟಾ’ ಅಂಕ ಕೊಡುತ್ತಾರೆ. ಚೀಲದ ಬಾಯಿ ಬಿಚ್ಚಿ ಹಿಡಿ ಕಾಯಿ ಕೈಗೆತ್ತಿಕೊಳ್ಳುವವರಿಗೆ ಇರುವುದು ಕಣ್ಣೊಂದೇ. ವ್ಯಾಪಾರ ಹಗಲಲ್ಲಿ ನಡೆಯುತ್ತದಲ್ಲ ಎಂದು ಕೇಳಬಹುದು. ನಿಜ, ಆದರೆ ಗೋದಾಮಿನೊಳಗೆ ಬಿಳಿಚಿದ ಕಾಯಿ ಆರಿಸುವವರ ತಲೆಯ ಮೇಲಿರುವುದು ದೀಪವೇ. ನುರಿತ ಕಣ್ಣು ಯಾವ ಬೆಳಕಿಗೂ ಹೊಂದಿಕೊಳ್ಳುತ್ತದೆ ಎಂಬ ವಾದವೂ ಉಂಟು. ಹೊಂದಿಕೊಳ್ಳುತ್ತದೆ; ಆದರೆ ದೀಪದಲ್ಲೇ ಇಲ್ಲದ ಕೆಂಪನ್ನು ಕಾಯಿ ಎಲ್ಲಿಂದ ತಂದು ಕಣ್ಣಿಗೆ ಕೊಟ್ಟೀತು? ಚೆಲುವಾದ ಡಬ್ಬಿ ತಳಿಯ ಕಾಯಿಯೂ ಅಂಥ ದೀಪದಡಿ ಕಂದಿದಂತೆ ಕಾಣುತ್ತದೆ.

ಬಲ್ಬಿನ ಬೆಳಕು ಅಳೆಯಲು ಉಪಕರಣ ಎಲ್ಲಿಂದ ತರೋಣ ಎಂಬುದು ಇನ್ನೊಂದು ಆಕ್ಷೇಪ. ಬೆಳಕು ಎಷ್ಟಿದೆ ಎಂದು ಕಣ್ಣು ಹೇಳಲಾರದು, ಎರಡು ಬೆಳಕು ಸಮವೇ ಎಂದು ಮಾತ್ರ ಚೆನ್ನಾಗಿ ಹೇಳುತ್ತದೆ. 19ನೇ ಶತಮಾನದ ಜರ್ಮನ್ ವಿಜ್ಞಾನಿ ಬುನ್ಸೆನ್ ಇದನ್ನೇ ನೆಚ್ಚಿದ. ಅವನ ವಿಧಾನ ಇದು: ಬಿಳಿ ಕಾಗದಕ್ಕೆ ಒಂದು ಹನಿ ಎಣ್ಣೆ ಹಚ್ಚಿ, ಕತ್ತಲೆ ಕೋಣೆಯಲ್ಲಿ ಎರಡು ಬಲ್ಬುಗಳ ನಡುವೆ ನಿಲ್ಲಿಸಿ. ಒಂದು ಕಡೆ ಬೆಳಕು ಹೆಚ್ಚಾದರೆ ಆ ಕಡೆಯಿಂದ ಎಣ್ಣೆಕಲೆ ಕಪ್ಪಗೂ ಇನ್ನೊಂದು ಕಡೆಯಿಂದ ಹೊಳೆದೂ ಕಾಣುತ್ತದೆ. ಸಮವಾದಾಗ ಕಲೆ ಹೆಚ್ಚುಕಡಿಮೆ ಮಾಯವಾಗುತ್ತದೆ. ಆಗ 800 ಲ್ಯೂಮೆನ್ನಿನ ಬಲ್ಬು ಕಾಗದದಿಂದ 100 ಸೆಂಟಿಮೀಟರ್ ದೂರದಲ್ಲೂ ಹೊಸದು 80ರಲ್ಲೂ ಇದ್ದರೆ, ದೂರದ ವರ್ಗದ ಲೆಕ್ಕದಂತೆ ಹೊಸದರ ಬೆಳಕು 800ರ 0.64 ಪಾಲು, ಅಂದರೆ 512. ಎರಡೂ ಒಂದೇ ಆಕಾರದವಾಗಿದ್ದರೆ ಮಾತ್ರ ಈ ಲೆಕ್ಕ ನಂಬಬಹುದು. ಮುಂದಕ್ಕಷ್ಟೇ ಬೆಳಕು ಚೆಲ್ಲುವ ಬಲ್ಬಿನ ಒಟ್ಟು ಬೆಳಕನ್ನು ಅಳೆಯಲು ಒಳಗೆ ಬಿಳಿ ಬಳಿದ ದೊಡ್ಡ ಗೋಳವೇ ಬೇಕು. ಕೆಂಪಿನ ಪರೀಕ್ಷೆ ಇನ್ನೂ ಸುಲಭ. ಬಾಗಿಲ ಬಳಿ ಹಗಲು ಬೆಳಕಿನಲ್ಲಿ ಒಂದು ಹಿಡಿ ಕಾಯಿ, ಅದೇ ಚೀಲದ್ದು ಇನ್ನೊಂದು ಹಿಡಿ ಒಳಗೆ ದೀಪದಡಿ. ಎರಡೂ ಒಂದೇ ಕೆಂಪಾಗಿ ಕಾಣದಿದ್ದರೆ ಆ ಬಲ್ಬು ಬದಲಿಸಿ, ಆರ್9 ಎಷ್ಟೆಂದು ಕೇಳಿ ಹೊಸದು ತರಬೇಕು.