ಗಾಡಿ ಅದೇ, ಎಂಜಿನ್ ಬೇರೆ

ಟೆಂಪರೇಚರ್ ಮುಳ್ಳು ಕೆಂಪು ಮುಟ್ಟಿದ್ದು ಕಂಡೂ ‘ಇನ್ನೇನು, ಮನೆ ಬಂತಲ್ಲ’ ಎಂದು ಓಡಿಸುವವರು ಎಂಜಿನ್ ಬದಲಿಸುವ ಕಸುಬಿನ ಖಾಯಂ ಗಿರಾಕಿಗಳು. ರೇಡಿಯೇಟರ್ ಸೋರಿ ನೀರು ಖಾಲಿಯಾದರೆ ಅಲ್ಯೂಮಿನಿಯಂ ಹೆಡ್ ಬಾಗುತ್ತದೆ. ಆಯಿಲ್ ಬತ್ತಿದರೆ ಬೇರಿಂಗ್ ಹಿಡಿದು ಎಂಜಿನ್ನೇ ಸೀಜ್. ಬೋರ್ ಮಾಡಿಸಿ ಪಿಸ್ಟನ್, ರಿಂಗ್ ಎಲ್ಲ ಹೊಸದು ಹಾಕಿಸುವ ಖರ್ಚು ಹಳೆ ಗಾಡಿಯ ಬೆಲೆಯನ್ನೇ ಮುಟ್ಟುವ ಹಾಗಿದ್ದರೆ ಮೆಕ್ಯಾನಿಕ್ ಕೇಳುತ್ತಾನೆ: ‘ಸಾರ್, ಒಂದು ಸೆಕೆಂಡ್ಸ್ ಎಂಜಿನ್ ನೋಡೋಣ್ವಾ?’

ಬೆಂಗಳೂರಿನಲ್ಲಿ ಹೊಸ ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಹಳೆಯದಕ್ಕೆ ಶಿವಾಜಿನಗರದ ಗುಜರಿ. ಚೆನ್ನೈಗೆ ಪುದುಪೇಟೆ, ದೆಹಲಿಗೆ ಮಾಯಾಪುರಿ ಇದ್ದ ಹಾಗೆ. ಹಿಂದಿನಿಂದ ಗುದ್ದಿಸಿಕೊಂಡು ನಜ್ಜುಗುಜ್ಜಾಗಿ, ಬಾನೆಟ್ ಮಾತ್ರ ನೆಟ್ಟಗೆ ಉಳಿದ ಕಾರಿನ ಎಂಜಿನ್ ಸಿಕ್ಕರೆ ಅದೃಷ್ಟ. ನೆರೆನೀರಿನಲ್ಲಿ ಮುಳುಗೆದ್ದದ್ದು ಬೇಡವೇ ಬೇಡ.

ಗಾಡಿಯಿಂದ ಇಳಿಸಿಟ್ಟ ಎಂಜಿನ್ನಿಗೆ ಕಿಲೋಮೀಟರ್ ಲೆಕ್ಕವಿಲ್ಲ. ಕೇಳಿದರೆ ಅಂಗಡಿಯವನು ಬಾಯಿಗೆ ಬಂದ ಅಂಕಿ ಹೇಳುತ್ತಾನೆ. ಬಲ್ಲ ಮೆಕ್ಯಾನಿಕ್ ಕೇಳುವುದೂ ಇಲ್ಲ. ಆಯಿಲ್ ಕ್ಯಾಪ್ ಬಿಚ್ಚಿ ಒಳಗೆ ಬೆರಳಾಡಿಸುತ್ತಾನೆ. ಮಜ್ಜಿಗೆಯಂಥ ನೊರೆ ಹತ್ತಿತೋ, ಆಯಿಲಿಗೆ ನೀರು ಸೇರಿದ ಗುಮಾನಿ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ನಿಧಾನ ತಿರುಗಿಸುತ್ತಾನೆ. ಪಿಸ್ಟನ್ ಒಂದೊಂದೂ ಮೇಲೇರುವಾಗ ಪಾನಾ ಕೈಗೆ ಬಿಗಿ ಹಿಡಿಯಬೇಕು, ದಾಟಿದ ಮೇಲೆ ಸಡಿಲಬೇಕು. ಎಲ್ಲೂ ತಡೆಯದೆ ಸಲೀಸಾಗಿ ತಿರುಗಿತೆಂದರೆ ಕಂಪ್ರೆಷನ್ ಇಲ್ಲ, ರಿಂಗೋ ವಾಲ್ವೋ ಹೋಗಿದೆ. ಎಂಜಿನ್ ಇನ್ನೂ ಗಾಡಿಯಲ್ಲೇ ಇದ್ದರೆ ಕೆಲಸ ಹಗುರ: ಸ್ಟಾರ್ಟ್ ಮಾಡಿ, ಕ್ಯಾಪ್ ತೆಗೆದು ನೋಡುವುದು. ಅಲ್ಲಿಂದ ಹೊಗೆ ಪುಸುಪುಸು ನುಗ್ಗಿದರೆ ಇನ್ನೊಂದು ಅಂಗಡಿ.

ಕಾರ್ಬ್ಯುರೇಟರಿನ ಮಾರುತಿ 800ಕ್ಕೆ ಇಷ್ಟು ಸಾಕಿತ್ತು. ಈಗ ಹಾಗಿಲ್ಲ. ಫಿಯೆಟ್ ಮೂಲದ 1,248 ಸಿಸಿ ಡೀಸೆಲ್ ಎಂಜಿನ್ ಸ್ವಿಫ್ಟ್‌ನಲ್ಲಿತ್ತು, ಇಂಡಿಕಾ ವಿಸ್ಟಾದಲ್ಲಿತ್ತು, ಪುಂಟೊದಲ್ಲೂ ಇತ್ತು. ಹಾಗಂತ ಒಂದರದ್ದನ್ನು ಕಣ್ಮುಚ್ಚಿ ಇನ್ನೊಂದಕ್ಕೆ ಕೂರಿಸಲಾಗದು. 75 ಅಶ್ವಶಕ್ತಿಯದರ ಟರ್ಬೊ ಬೇರೆ, 90ರದ್ದು ಬೇರೆ. ಮೌಂಟಿಂಗ್, ವೈರಿಂಗ್, ಇಸಿಯು ಎಲ್ಲ ತಾಳೆಯಾಗಬೇಕು.

ಚೈನ್ ಬ್ಲಾಕಿಗೆ ಎಂಜಿನ್ ನೇತುಹಾಕಿದಾಗಲೇ ಕ್ಲಚ್ ಪ್ಲೇಟ್, ಹಿಂದಿನ ಆಯಿಲ್ ಸೀಲ್, ವಾಟರ್ ಪಂಪ್ ಬದಲಿಸಿಬಿಡಬೇಕು. ಆಮೇಲೆ ಒಂದು ಸೀಲಿಗಾಗಿ ಮತ್ತೆ ಗೇರ್‌ಬಾಕ್ಸ್ ಇಳಿಸುವ ಕೂಲಿ ಯಾರಿಗೆ ಬೇಕು? ಹಳೆ ಎಂಜಿನ್ ಸಾಯಲು ಕಾರಣವಾದ ರೇಡಿಯೇಟರನ್ನು ಹಾಗೇ ಬಿಟ್ಟು ‘ಸೆಕೆಂಡ್ಸ್ ಎಂಜಿನ್ ಬಾಳಲಿಲ್ಲ’ ಎಂದು ದೂರುವವರೂ ಇದ್ದಾರೆ.

ಗಾಡಿ ರಸ್ತೆಗಿಳಿದ ಮೇಲೆ ಎಲ್ಲರೂ ಮರೆಯುವುದು ಕಾಗದಪತ್ರ. ಎಂಜಿನ್ ನಂಬರ್ ಆರ್‌ಸಿಯಲ್ಲಿ ನಮೂದಾಗಿರುತ್ತದೆ. ಮೊದಲೇ ಅನುಮತಿ ಪಡೆಯದೆ ಎಂಜಿನ್ ಬದಲಿಸಿದ್ದರೆ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ 14 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಬಿಲ್ ಕೇಳಿದರೆ ಗುಜರಿಯಲ್ಲಿ ದರ ಏರೀತು. ಏರಲಿ. ಬಿಲ್ಲಿನ ಜೊತೆಗೆ, ಆ ಎಂಜಿನ್ ಯಾವ ಗಾಡಿಯದೋ ಅದರ ಆರ್‌ಸಿ ಪ್ರತಿಯನ್ನೂ ಕೇಳಿ ಇಸಿದುಕೊಳ್ಳಿ. ನಂಬರ್ ಉಜ್ಜಿದ ಗುರುತು ಕಂಡರಂತೂ ಎಷ್ಟೇ ಅಗ್ಗವಾಗಿದ್ದರೂ ಅಲ್ಲೇ ಬಿಟ್ಟು ಬನ್ನಿ. ಕದ್ದ ಗಾಡಿಯದಾದರೆ ಪೊಲೀಸರು ಬರುವುದು ಅಂಗಡಿಗಿಂತ ಮೊದಲು ನಿಮ್ಮ ಮನೆಗೆ.