ಬಣ್ಣದ ಅಣುಗಳಿಗೂ ಅಂತರ ಬೇಕು

ಬಿಳಿಯ ಪೈಂಟಿನಲ್ಲಿರುವ ಟೈಟಾನಿಯಂ ಡೈಆಕ್ಸೈಡು ಕಣ್ಣಿಗೆ ಕಾಣುವ ಬೆಳಕನ್ನು ಹೀರಲಾರದು. 1991ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಓ’ರೀಗನ್ ಮತ್ತು ಗ್ರೆಟ್ಸೆಲ್ ಎಂಬ ವಿಜ್ಞಾನಿಗಳು ಅದರ ನ್ಯಾನೋಕಣಗಳಿಗೆ ಬಣ್ಣವನ್ನು ಹತ್ತಿಸಿ ಸೌರಕೋಶವನ್ನು ರಚಿಸಿದರು. ಅದು ಬೆಳಕಿನ ಶಕ್ತಿಯಲ್ಲಿ ಶೇಕಡಾ 7ಕ್ಕೂ ಮಿಕ್ಕ ಪಾಲನ್ನು ವಿದ್ಯುತ್ತಾಗಿ ಮಾರ್ಪಡಿಸಿತು. ಬೆಳಕನ್ನು ಹೀರಿದ ಬಣ್ಣದ ಅಣುವು ಒಂದು ಎಲೆಕ್ಟ್ರಾನನ್ನು ಕಣಕ್ಕೆ ದಾಟಿಸುತ್ತದೆ. ಕಳೆದುಕೊಂಡುದನ್ನು ಸುತ್ತಲಿನ ಅಯೋಡೈಡು ದ್ರಾವಣದಿಂದ ಮರಳಿ ಪಡೆಯುತ್ತದೆ.

ಹಾಗಾದರೆ ಬಣ್ಣವನ್ನು ದಟ್ಟವಾಗಿ ಹತ್ತಿಸಿದಷ್ಟೂ ವಿದ್ಯುತ್ತು ಹೆಚ್ಚಬೇಕಲ್ಲವೆ? ಇಲ್ಲ. ಸಾವಯವ ಬಣ್ಣಗಳ ಚಪ್ಪಟೆ ಅಣುಗಳು ಒತ್ತೊತ್ತಾಗಿ ಗುಂಪುಗೂಡಿದರೆ, ಹೀರಿದ ಶಕ್ತಿಯು ಕಣವನ್ನು ಸೇರುವ ಮೊದಲೇ ಶಾಖವಾಗಿ ವ್ಯರ್ಥವಾಗುತ್ತದೆ. ಆದುದರಿಂದ ತಜ್ಞರು ನಮ್ಮ ಪಿತ್ತರಸದಲ್ಲಿಯೂ ಇರುವ, ಬಣ್ಣವಿಲ್ಲದ ಆಮ್ಲವೊಂದನ್ನು ಬೆರೆಸುವುದುಂಟು. ಅದು ಅಣುಗಳ ನಡುವೆ ಕುಳಿತು ಅವನ್ನು ಬೇರ್ಪಡಿಸುತ್ತದೆ. ಆಗ ಬಣ್ಣವು ಕಡಮೆಯಾದರೂ ವಿದ್ಯುತ್ತು ಅನೇಕ ವೇಳೆ ಹೆಚ್ಚುತ್ತದೆ!